ಹುಣಸೆಮರದ ಕೆಳಗೆ ಸಿಕ್ಕ ಮೇಷ್ಟ್ರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ 9 ವರ್ಷದ ಮಗಳನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಕರೆದುಕೊಂಡು ಹೋಗಿದ್ದೆ. ಹುಣಸೆಮರದ ಕೆಳಗೆ ಒಬ್ಬ ಹುಡುಗ ಕ್ಯಾಮೆರಾಗೆ ದೊಡ್ಡ ಲೆನ್ಸ್ ಹಾಕಿಕೊಂಡು ನಿಂತಿದ್ದ. ಇವಳು ಹೋಗಿ ಅವನ ಪಕ್ಕದಲ್ಲೇ ನಿಂತುಬಿಟ್ಟಳು. ಬೈತಾನೇನೋ ಅಂದುಕೊಂಡೆ. ಅವನು ಸುಮ್ನೆ ಟ್ರೈಪಾಡಿನ ಕಾಲು ಕುಗ್ಗಿಸಿ, ಕ್ಯಾಮೆರಾವನ್ನು ಅವಳ ಎತ್ತರಕ್ಕೆ ಇಳಿಸಿದ.

"ಪುಟ್ಟಾ, ಹಕ್ಕಿಯ ಕಣ್ಣಿಗೇ ಫೋಕಸ್ ಮಾಡು. ರೆಕ್ಕೆ ಬಿಚ್ಚೋವರೆಗೂ ಕಾಯಿ" ಅಂದ. ಮೊದಲ ಹತ್ತು ಫೋಟೊಗಳಲ್ಲಿ ಬರೀ ಕೊಂಬೆ. ಹನ್ನೊಂದನೆಯದರಲ್ಲಿ ಬಣ್ಣದ ಕೊಕ್ಕರೆ, ಬಾಲದ ಹತ್ತಿರದ ಗುಲಾಬಿ ಗರಿ ಸಮೇತ! ಗೂಡಿನ ತೀರಾ ಹತ್ತಿರ ಹೋಗಬಾರದು ಅಂತ ಅವನು ಹೇಳಿಕೊಟ್ಟದ್ದು ನನಗೆ ಇನ್ನೂ ಜಾಸ್ತಿ ಹಿಡಿಸಿತು.

ನಮ್ಮ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಿಗೂ ಒ.ಸಿ. ಎಡ್ವರ್ಡ್ಸ್ ಎಂಬ ಗುರು ಸಿಕ್ಕಿದ್ದರಲ್ವಾ? ಬರುವ ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ಶಾಲೆಗಳು ತಮ್ಮೂರಿನ ಇಂಥ ಒಬ್ಬರನ್ನು ಕರೆಸಲಿ. ಭಾಷಣ ಬೇಡ, ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟರೆ ಸಾಕು.

ಆ ಹುಡುಗನ ಹೆಸರು ಕೇಳುವುದನ್ನೇ ಮರೆತೆ. ತಮ್ಮಾ, ನಿನ್ನ ಶಿಷ್ಯೆ ಈಗ ನನ್ನ ಮೊಬೈಲ್ ಹಿಡಿದು ಹಿತ್ತಲಿನ ಗುಬ್ಬಿಯ ಕಣ್ಣು ಹುಡುಕುತ್ತಿದ್ದಾಳೆ.

– ಒಬ್ಬ ತಾಯಿ, ಮಂಡ್ಯ