ಹನ್ನೊಂದು ಪ್ರಶ್ನೆಗಳ ಹಾಳೆ ಹಿಡಿದು ನನ್ನೆದುರು ಕೂತವರಿಗೆ

ಮೊನ್ನೆಗೆ ಒಂದು ವರ್ಷ ತುಂಬಿತು. ನೋವಿನ ಮಾತ್ರೆಯ ಹೆಸರಿನಲ್ಲಿ ನುಂಗುತ್ತಿದ್ದ ಒಪಿಯಾಯ್ಡ್, ಅಂದರೆ ಅಫೀಮಿನ ಬಳಗದ ಔಷಧ, ಬಿಟ್ಟು ಒಂದು ವರ್ಷ. ಅದೇ ವಾರ, ನಾನು ಸೇರಿಕೊಂಡಿದ್ದ ಔಷಧ ಪರೀಕ್ಷೆಯಲ್ಲಿ ನನ್ನ ಪಾಲಿನ ಕೊನೆಯ ಭೇಟಿಯೂ ಮುಗಿಯಿತು. ಎದುರಿಗೇ ಕೃತಜ್ಞತೆ ಹೇಳಿ ಬರೋಣ ಅಂತ ಹೋದವನಿಗೆ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆನ್ನಿನ ಆಪರೇಷನ್ ಆದಾಗ ಶುರುವಾದ ಮಾತ್ರೆ ಅದು. ನೋವು ಹೋದರೂ ಮಾತ್ರೆ ಹೋಗಲಿಲ್ಲ, ನಾಲ್ಕು ವರ್ಷ ನಡೆಯಿತು. ಬಿಡಬೇಕು ಅಂತ ಮೂರು ಸಲ ಕೂತೆ. ಮೂರು ಸಲವೂ ನನ್ನನ್ನು ಸೋಲಿಸಿದ್ದು ರಾತ್ರಿ. ವಾಂತಿ, ಭೇದಿ, ಮೂಳೆ ಮೂಳೆಯ ನೋವು ಒಂದು ವಾರ ಕಾಡಿ ಇಳಿಯುತ್ತವೆ. ನಿದ್ದೆ ಮಾತ್ರ ಎಷ್ಟೋ ವಾರ ಕಳೆದರೂ ಮರಳುವುದಿಲ್ಲ. ಕಾಲು ತಾನಾಗಿ ಒದ್ದುಕೊಳ್ಳುತ್ತದೆ, ಹಾಸಿಗೆ ಬೆವರಿನಿಂದ ತಣ್ಣಗಾಗುತ್ತದೆ, ಮೂರು ಗಂಟೆಗೆ ಎದ್ದು ಕೂತ ಮನಸ್ಸಿಗೆ ಆ ಮಾತ್ರೆಯೊಂದೇ ಕಾಣುತ್ತದೆ. ಎಲ್ಲರೂ ಬಲ್ಲ ನಿದ್ದೆ ಮಾತ್ರೆ ಕೊಟ್ಟುಬಿಡೋಣ ಅಂದರೆ ವೈದ್ಯರು ಹೆದರುತ್ತಾರೆ. ಹೆದರಬೇಕಾದದ್ದೇ. ಒಪಿಯಾಯ್ಡ್ ಜೊತೆ ಅಂಥವು ಸೇರಿದರೆ ಮಲಗಿದವನ ಉಸಿರು ಮೆಲ್ಲಗೆ ನಿಂತುಹೋಗಬಹುದು.

ನಾಲ್ಕನೇ ಸಲ ಹೋದಾಗ ಸಿಕ್ಕ ಡಾಕ್ಟರ್ ನನಗೆ ಒಂದು ಪರೀಕ್ಷೆಯ ವಿಷಯ ಹೇಳಿದರು. ಹೊಸ ಔಷಧವೇನೂ ಅಲ್ಲ, ನಿದ್ದೆ ಬಾರದವರಿಗೆಂದು ಅಮೆರಿಕದಲ್ಲಿ 2014ರಲ್ಲೇ ಒಪ್ಪಿಗೆ ಪಡೆದ ಸುವೊರೆಕ್ಸಾಂಟ್. ಅದು ಮಿದುಳನ್ನು ಮಂಕು ಮಾಡಿ ಮಲಗಿಸುವ ಬದಲು, ‘ಎಚ್ಚರವಾಗಿರು’ ಎಂದು ಕೂಗುವ ಒರೆಕ್ಸಿನ್ ಎಂಬ ಸಂದೇಶವನ್ನು ತಡೆಯುತ್ತದೆಯಂತೆ. ಒರೆಕ್ಸಿನ್ ಪತ್ತೆಯಾದದ್ದು 1998ರಲ್ಲಿ. ಹಗಲಲ್ಲೇ ತಟ್ಟನೆ ನಿದ್ದೆಗೆ ಜಾರುವ ನಾರ್ಕೊಲೆಪ್ಸಿ ಕಾಯಿಲೆಯ ಒಂದು ಬಗೆಯಲ್ಲಿ ಅದನ್ನು ತಯಾರಿಸುವ ಕೋಶಗಳು ಬಹುಪಾಲು ನಾಶವಾಗಿರುತ್ತವೆ. 2018ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ, ಹೆರಾಯಿನ್ ಚಟವಿದ್ದು ತೀರಿಕೊಂಡವರ ಮಿದುಳಿನಲ್ಲಿ ಇದೇ ಕೋಶಗಳು ಉಳಿದವರಿಗಿಂತ ಸುಮಾರು 54 ಶೇಕಡಾ ಹೆಚ್ಚು ಕಂಡವು. ಮಾರ್ಫಿನ್ ಕೊಟ್ಟ ಇಲಿಗಳಲ್ಲೂ ಹಾಗೇ ಆಯಿತು. 2022ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಒಂದು ಸಣ್ಣ ಪರೀಕ್ಷೆ ನಡೆಸಿ, ಒಪಿಯಾಯ್ಡ್ ಬಿಡುತ್ತಿರುವವರಿಗೆ ಈ ಮಾತ್ರೆಯಿಂದ ನಿದ್ದೆಯೂ ಸುಧಾರಿಸಿತು, ಸಂಕಟವೂ ತಗ್ಗಿತು ಎಂದು ವರದಿ ಮಾಡಿದರು. ಇದನ್ನೆಲ್ಲ ಡಾಕ್ಟರ್ ಒಂದು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ‘ನಿನಗೆ ಮನೋಬಲ ಸಾಲದು’ ಎಂದು ನಾಲ್ಕು ವರ್ಷ ಕೇಳಿಸಿಕೊಂಡವನಿಗೆ, ನನ್ನ ಮೂರು ಗಂಟೆಯ ಎಚ್ಚರಕ್ಕೆ ಮಿದುಳಿನಲ್ಲೇ ಒಂದು ಕಾರಣ ಇರಬಹುದು ಅನ್ನುವುದು ಎಷ್ಟು ದೊಡ್ಡ ಮಾತೋ!

“ಹಾಗಾದರೆ ಇದರಿಂದ ನನಗೆ ಗುಣವಾಗುತ್ತಾ ಡಾಕ್ಟ್ರೇ?” ಅಂದೆ.

“ಗೊತ್ತಿಲ್ಲ. ಗೊತ್ತಿದ್ದರೆ ಪರೀಕ್ಷೆ ಯಾಕೆ ಮಾಡಬೇಕಿತ್ತು?” ಅಂದರು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಅನ್ನುವುದು ಅವರಿಗೂ ತಿಳಿಯದು. ಆದರೆ ಒಪಿಯಾಯ್ಡ್ ಚಟದ ಚಿಕಿತ್ಸೆಗೆ ಕೊಡುವ, ಗುಣವಿದೆ ಎಂದು ಆಗಲೇ ಸಾಬೀತಾಗಿರುವ ಬ್ಯುಪ್ರೆನಾರ್ಫಿನ್ ಎಂಬ ಔಷಧ ಮಾತ್ರ ಪ್ರತಿಯೊಬ್ಬರಿಗೂ ಸಿಗುತ್ತದೆ. ಬೇಡವೆನಿಸಿದ ದಿನ ಹೊರಡಬಹುದು, ಚಿಕಿತ್ಸೆ ನಿಲ್ಲುವುದಿಲ್ಲ. ಡಾಕ್ಟ್ರೇ, ನೀವು ಹೇಳಿದ ಆ ‘ಗೊತ್ತಿಲ್ಲ’ ಎಂಬ ಮಾತಿಗೆ ನಾನು ಋಣಿ. ಸುಳ್ಳು ಹೇಳಿ ಹೇಳಿ, ಯಾರ ಮಾತನ್ನೂ ನಂಬದಂತಾಗಿದ್ದವನು ನಾನು. ಅಂದು ನಿಮ್ಮನ್ನು ನಂಬಿದೆ.

ಇನ್ನು ಸಿಸ್ಟರ್. ಅವರ ಹೆಸರು ಬರೆಯುವುದಿಲ್ಲ, ಓದಿದರೆ ಅವರಿಗೆ ತಿಳಿಯುತ್ತದೆ.

ಬ್ಯುಪ್ರೆನಾರ್ಫಿನ್ ಅನ್ನು ಬಂದ ಕೂಡಲೇ ಕೊಡುವ ಹಾಗಿಲ್ಲ. ಹಳೆಯ ಮಾತ್ರೆ ಮೈಯಲ್ಲಿ ಇನ್ನೂ ಇರುವಾಗ ಕೊಟ್ಟರೆ ಸಂಕಟ ಒಮ್ಮೆಗೇ ಕೆರಳುತ್ತದೆ. ಹಿಂದಿನ ರಾತ್ರಿಯಿಂದ ಏನೂ ಮುಟ್ಟದೆ ಬೆಳಗ್ಗೆ ಹೋಗಿ ಬೆಂಚಿನ ಮೇಲೆ ಕೂತೆ. ಸಿಸ್ಟರ್ ಒಂದು ಹಾಳೆ ಹಿಡಿದು ಬಂದರು. ಅದರಲ್ಲಿ ಹನ್ನೊಂದು ಸಾಲು: ನಾಡಿ, ಬೆವರು, ಕೂತಲ್ಲಿ ಕೂರಲಾಗದ ಚಡಪಡಿಕೆ, ಕಣ್ಣಿನ ಪಾಪೆ, ಮೈಕೈ ನೋವು, ಸೋರುವ ಮೂಗು, ಹೊಟ್ಟೆ, ಕೈನಡುಕ, ಆಕಳಿಕೆ, ಆತಂಕ, ಕೊನೆಗೆ ರೋಮ ನಿಮಿರುವುದು. ಪ್ರತಿಯೊಂದಕ್ಕೂ ಅಂಕ, ಸಂಕಟ ಹೆಚ್ಚಿದಷ್ಟೂ ಅಂಕ ಹೆಚ್ಚು. ನಾನು ಆಕಳಿಸಿದ್ದನ್ನು ಎಣಿಸಿ ಬರೆದುಕೊಂಡರು. ಕೊನೆಯ ಸಾಲಿಗೆ ಬಂದಾಗ “ತೋಳು ಮೇಲೆ ಮಾಡಿ” ಅಂದರು. ನಾನು ಹಿಂದೆ ಸರಿದೆ. ತಣ್ಣಗೆ, ಮುಳ್ಳು ಮುಳ್ಳಾಗುವ ಆ ತೋಳನ್ನು ಮನೆಯವರಿಗೂ ಕಾಣದಂತೆ ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ಹಾಕಿ ಮುಚ್ಚಿಟ್ಟುಕೊಂಡಿದ್ದೆ, ಯಾರಾದರೂ ಕೇಳಿದರೆ ಚಳಿ ಅನ್ನುತ್ತಿದ್ದೆ. ಅವರು ಕಾದರು. ಅಂಗಿಯ ತೋಳು ಮಡಚಿ ಚಾಚಿದ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಬೆರಳು ನಿಧಾನ ಆಡಿಸಿ ನೋಡಿ, ಹಾಳೆಯಲ್ಲಿ 3 ಅಂತ ಬರೆದರು. ಅಷ್ಟೇ. ಮುಖದಲ್ಲಿ ಅಸಹ್ಯವಿರಲಿಲ್ಲ, ಅಯ್ಯೋ ಪಾಪವೂ ಇರಲಿಲ್ಲ. ಒಟ್ಟು 9 ಆಯಿತು. “ಇನ್ನೂ ಸ್ವಲ್ಪ ತಡೀರಿ, ಈಗಲೇ ಕೊಟ್ಟರೆ ನಿಮಗೇ ಕಷ್ಟ” ಅಂದರು. ಎರಡು ಗಂಟೆಯ ನಂತರ 14. ಆಗ ನಾಲಿಗೆಯ ಕೆಳಗೆ ಇಡಲು ಮೊದಲ ಮಾತ್ರೆ ಕೊಟ್ಟು, ಕರಗುವವರೆಗೂ ನನ್ನ ಪಕ್ಕದಲ್ಲೇ ಕೂತರು.

ಸಿಸ್ಟರ್, ನಾನು ಪಡುತ್ತಿದ್ದ ಪಾಡನ್ನು ನಾಟಕ ಅಂದವರಿದ್ದರು. ನೀವು ಅದನ್ನು ಮುಟ್ಟಿ ನೋಡಿ ಅಂಕಿಯಲ್ಲಿ ಬರೆದಿರಿ. ಆಮೇಲಿನ ವಾರಗಳಲ್ಲಿ ಆ ಅಂಕಿ ಇಳಿಯುತ್ತಾ ಬಂದಾಗ ನನಗಿಂತ ಮೊದಲು ನಿಮ್ಮ ಮುಖ ಅರಳುತ್ತಿತ್ತು.

ನನಗೆ ಸಿಕ್ಕಿದ್ದು ಸುವೊರೆಕ್ಸಾಂಟೋ ಖಾಲಿ ಮಾತ್ರೆಯೋ, ಲೆಕ್ಕ ಬಿಚ್ಚುವವರೆಗೆ ಯಾರೂ ಹೇಳುವಂತಿಲ್ಲ. ಖಾಲಿಯಾಗಿದ್ದರೂ ನನಗೆ ಬೇಸರವಿಲ್ಲ. ಹೋಲಿಸಿ ನೋಡಲು ಖಾಲಿ ಮಾತ್ರೆ ನುಂಗಿದವರು ಇರದಿದ್ದರೆ ಮತ್ತೊಂದು ಗುಂಪಿನ ಅಂಕಿಗೆ ಬೆಲೆಯೇ ಇಲ್ಲವಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದ ಹಿರಿಯರೊಬ್ಬರು ಮೂರನೇ ವಾರದಿಂದ ಬರಲಿಲ್ಲ. ಯಜಮಾನ್ರೇ, ಆ ಎರಡು ವಾರ ನೀವು ಕೊಟ್ಟ ಅಂಕಿಗಳೂ ಲೆಕ್ಕದಲ್ಲಿವೆ. ಎಲ್ಲಿದ್ದರೂ ಮತ್ತೆ ಬನ್ನಿ. ಬಿಟ್ಟು ಕೆಲವು ದಿನವಾದ ಮೇಲೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಮೈ ತಡೆಯುವುದಿಲ್ಲ, ಜೀವಕ್ಕೇ ಅಪಾಯ. ಅದೇ ನನಗೆ ದಿಗಿಲು.

ಬ್ಯುಪ್ರೆನಾರ್ಫಿನ್ ಕೂಡ ಮೊದಲು ನೋವಿನ ಔಷಧವಾಗಿದ್ದದ್ದೇ. ಅದನ್ನು ಚಟದ ಚಿಕಿತ್ಸೆಗೆ ಬಳಸಬಹುದು ಎಂದು 1978ರಲ್ಲಿ ತೋರಿಸಿಕೊಟ್ಟ ಅಧ್ಯಯನದಲ್ಲಿ ಮೈಯೊಡ್ಡಿದವರು ಯಾರೋ ಏನೋ. ಮೂಗು ಕಟ್ಟಿದ್ದಕ್ಕೆಂದು ತಯಾರಾಗಿ ರಕ್ತದೊತ್ತಡದ ಮಾತ್ರೆಯಾದ ಕ್ಲೊನಿಡಿನ್ ಒಪಿಯಾಯ್ಡ್ ಬಿಡುವಾಗಿನ ಬೆವರು, ನಡುಕ ತಗ್ಗಿಸುತ್ತದೆ ಅಂತ ಗೊತ್ತಾದದ್ದೂ ಅದೇ ವರ್ಷ, ಅದೂ ಹೀಗೆ ಯಾರದೋ ಮೈಮೇಲೆ. ತೀರಿಕೊಂಡ ಮೇಲೆ ಯಾರ ಮಿದುಳಿನ ಕೋಶಗಳನ್ನು ಎಣಿಸಿದರೋ ಆ ಕೆಲವರು ನನ್ನ ಹಾಗೆ ಮೂರು ಗಂಟೆಗೆ ಎದ್ದು ಕೂತವರೇ ಇರಬೇಕು. ಅವರೆಲ್ಲರಿಗೂ ಕೈಮುಗಿಯುತ್ತೇನೆ.

ನಾನು ಬ್ಯುಪ್ರೆನಾರ್ಫಿನ್ ಇನ್ನೂ ತೆಗೆದುಕೊಳ್ಳುತ್ತಿದ್ದೇನೆ, ಮುಂದೆಯೂ ತೆಗೆದುಕೊಳ್ಳುತ್ತೇನೆ. ‘ಒಂದು ಬಿಟ್ಟು ಇನ್ನೊಂದು ಹಿಡಿದೆಯಲ್ಲ’ ಅನ್ನುವವರಿಗೆ ಹೇಳುವುದಿಷ್ಟೇ: ನಾನು ಕೆಲಸಕ್ಕೆ ಹೋಗುತ್ತಿದ್ದೇನೆ, ಯಾರ ಹತ್ತಿರವೂ ಸುಳ್ಳು ಹೇಳುತ್ತಿಲ್ಲ, ರಾತ್ರಿ ಮಲಗುತ್ತಿದ್ದೇನೆ.

ಅಕ್ಕಾ, ನಿನಗೆ ಏನು ಬರೆಯಲಿ? ಪರೀಕ್ಷೆಯಲ್ಲಿ ನನ್ನ ಮಣಿಕಟ್ಟಿಗೆ ವಾಚಿನಂಥ ಪಟ್ಟಿ ಕಟ್ಟಿ ನಾನು ಎಷ್ಟು ಹೊತ್ತು ಮಲಗಿದೆ, ಎಷ್ಟು ಸಲ ಎದ್ದೆ ಅಂತ ಅಳೆದರು. ಹೊರಗೆ ಹೋಗಿಬಿಡುತ್ತೇನೋ ಅಂತ ಬಾಗಿಲಿಗೆ ಅಡ್ಡ ಚಾಪೆ ಹಾಸಿಕೊಂಡು, ನಾನು ಮಗ್ಗುಲು ಬದಲಿಸಿದಾಗೆಲ್ಲ “ತಮ್ಮಾ, ನೀರು ಬೇಕಾ?” ಅಂತಿದ್ದ ನಿನ್ನ ರಾತ್ರಿಗಳನ್ನು ಯಾರೂ ಅಳೆಯಲಿಲ್ಲ. ಒಂದು ವರ್ಷವಾಯಿತು ಕಣೇ. ಇವತ್ತಾದರೂ ಒಳಗೆ ಹೋಗಿ ಮಂಚದ ಮೇಲೆ ಮಲಗು.