ಸಾವಿರ ಕೊಕ್ಕರೆ ಮಡಚಿದ ಕೈಗಳಿಗೆ

ಮಗಳು ಮನೆಗೆ ಬಂದು ಹತ್ತು ದಿನವಾಯಿತು. ಕಾಲಿನ ಮೂಳೆಗೆ ಸೋಂಕು, ಎರಡು ಆಪರೇಷನ್, ಹಿರೋಷಿಮಾದ ಆಸ್ಪತ್ರೆಯಲ್ಲಿ ಒಂಬತ್ತು ವಾರ. ನಿನ್ನೆ ಊರುಗೋಲಿಲ್ಲದೆ ಬಾಗಿಲ ತನಕ ನಡೆದಳು. ಒಬ್ಬೊಬ್ಬರಿಗೂ ಫೋನಿನಲ್ಲಿ ಥ್ಯಾಂಕ್ಸ್ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಅವಳ ಕ್ಲಾಸಿನ ಮಕ್ಕಳು ಸೆಂಬಾಜುರು ಕಳಿಸಿದ ದಿನ ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಸೆಂಬಾಜುರು ಅಂದರೆ ಬೇಗ ಗುಣವಾಗಲಿ ಅಂತ ಹಾರೈಸಿ ಮಡಚುವ ಸಾವಿರ ಕಾಗದದ ಕೊಕ್ಕರೆ. ದಾರಕ್ಕೆ 40ರಂತೆ 25 ದಾರಗಳಲ್ಲಿ ಪೋಣಿಸಿ ಗೊಂಚಲು ಮಾಡಿದ್ದರು. ನನಗೆ ಗೊತ್ತಿದ್ದದ್ದು ಸದಾಕೊ ಸಸಾಕಿಯ ಕಥೆ ಮಾತ್ರ. 1945ರಲ್ಲಿ ಹಿರೋಷಿಮಾ ಮೇಲೆ ಅಣುಬಾಂಬ್ ಬಿದ್ದಾಗ ಎರಡು ವರ್ಷದ ಕೂಸು. 1955ರಲ್ಲಿ ರಕ್ತದ ಕ್ಯಾನ್ಸರ್. ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಕೊಕ್ಕರೆ ಮಡಚಿದಳು. ಸಾವಿರ ಮುಗಿಯುವ ಮೊದಲೇ ತೀರಿಕೊಂಡಳು ಅಂತ ಓದಿದ್ದೆ. ಇಲ್ಲಿಯ ಶಾಂತಿ ಮ್ಯೂಸಿಯಂನವರು ಹೇಳುವುದು ಬೇರೆ. ಸಾವಿರ ದಾಟಿದ ಮೇಲೂ ಅವಳು ಮಡಚುತ್ತಲೇ ಇದ್ದಳಂತೆ. ಇದು ಇನ್ನೂ ಸಂಕಟ, ಅಲ್ವಾ? ಆ ಅಕ್ಟೋಬರಿನಲ್ಲಿ ಹೋದಾಗ ಅವಳಿಗೆ ಹನ್ನೆರಡು. ನನ್ನ ಮಗಳಿಗೆ ಹನ್ನೊಂದು. ಆ ಗೊಂಚಲನ್ನು ಅವಳ ಹಾಸಿಗೆ ಪಕ್ಕ ಹೇಗೆ ತೂಗುಹಾಕಲಿ?

ಚೀಲದಲ್ಲೇ ಇಟ್ಟಿದ್ದೆ. ನೋಡಲು ಬಂದ ಪಕ್ಕದ ಮನೆ ಅಜ್ಜಿ ತೆಗೆದು ತಾವೇ ಕಟ್ಟಿದರು. "ಇದು ಸದಾಕೊಗಿಂತ ಹಳೇ ಪದ್ಧತಿ. ಕೊಕ್ಕರೆಗೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ಅನ್ನೋದು ನಮ್ಮ ಗಾದೆ. ಬೇಸ್‌ಬಾಲ್ ಆಡೋಕೆ ಹೊರಟ ಹುಡುಗರಿಗೂ ಕೊಡ್ತೀವಮ್ಮ" ಅಂದರು. ನಾನು ಒಯ್ದಿದ್ದ ಹೂವಿನ ಕುಂಡವನ್ನು ಮಾತ್ರ ವಾಪಸ್ ಹೊರಿಸಿದರು. ಜಪಾನಿಯಲ್ಲಿ ಬೇರು ಬಿಡುವುದಕ್ಕೂ ಹಾಸಿಗೆ ಹಿಡಿಯುವುದಕ್ಕೂ ಹೆಚ್ಚುಕಡಿಮೆ ಒಂದೇ ಮಾತಂತೆ!

ಆಮೇಲೆ ರಾತ್ರಿಯೆಲ್ಲ ಅವಳಿಗೆ ಅದೇ ಆಟ. ಗೆರೆ ಕೊರೆದಂತೆ ಮಡಚಿದ್ದು ಯಾರದ್ದು, ಕೊಕ್ಕು ಸೊಟ್ಟಗಾಗಿದ್ದು ಯಾರದ್ದು ಅಂತ ಗುರುತು ಹಿಡಿಯುತ್ತಿದ್ದಳು. ಇಂಜೆಕ್ಷನ್ ಚುಚ್ಚುವಾಗಲೂ ಕಣ್ಣು ಅಲ್ಲೇ. ಶಿವಮೊಗ್ಗದಿಂದ ನಮ್ಮಮ್ಮ ವಿಡಿಯೊ ಕಾಲ್‌ನಲ್ಲಿ ಕಲಿತು ಹನ್ನೆರಡು ಮಡಚಿ ಪೋಸ್ಟ್ ಮಾಡಿದರು. "ಇದು ಕೊಕ್ಕರೆನೋ ಕೋಳಿನೋ ನಂಗಂತೂ ಗೊತ್ತಾಗ್ತಿಲ್ಲ ಕಣೇ" ಅಂತ ಚೀಟಿ ಬೇರೆ. ಕೋಳಿಯೇ.

ಕ್ಲಾಸಿನ ಮಕ್ಕಳೇ, ಟೀಚರ್, ಬಿಡುವಾದಾಗ ಬಂದು ಅವಳ ಜೊತೆ ಕಾಗದ ಮಡಚಿದ ನರ್ಸ್‌ಗಳೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಸಾರು ಅನ್ನ ಕಟ್ಟಿಕೊಂಡು ಬಂದ ಇಲ್ಲಿಯ ಕನ್ನಡದ ಮನೆಯವರೇ, ನಿಮ್ಮ ಡಬ್ಬಿಗಳು ತೊಳೆದಿಟ್ಟಿವೆ.

ಗೊಂಚಲನ್ನು ಶಾಂತಿ ಪಾರ್ಕಿನಲ್ಲಿರುವ ಮಕ್ಕಳ ಸ್ಮಾರಕಕ್ಕೆ ಕೊಡಬೇಕು ಅಂತ ಮಗಳ ಆಸೆ. ಸದಾಕೊಳ ಜೊತೆ ಓದಿದವರು ಶುರುಮಾಡಿ, ದೇಶದ ಮಕ್ಕಳೆಲ್ಲ ದುಡ್ಡು ಕೂಡಿಸಿ 1958ರಲ್ಲಿ ನಿಲ್ಲಿಸಿದ ಸ್ಮಾರಕ ಅದು. ಶಿವಮೊಗ್ಗದ ಅಜ್ಜಿಯ ಕೋಳಿಗಳನ್ನು ಮಾತ್ರ ಕೊಡುವುದಿಲ್ಲವಂತೆ.

ಇನ್ನೊಂದು ವಿಷಯ. ಪಕ್ಕದ ಮನೆ ಅಜ್ಜಿಗೆ ಮುಂದಿನ ತಿಂಗಳು ಮಂಡಿ ಆಪರೇಷನ್. ಮಗಳು ಆಗಲೇ 212 ಮಡಚಿದ್ದಾಳೆ. ಡಬ್ಬಿ ತಗೊಂಡು ಹೋಗಲು ಬರುವವರು ಸುಮ್ನೆ ಬಾಗಿಲಲ್ಲೇ ನಿಂತು ಹೋಗಬೇಡಿ. ಒಳಗೆ ಬಂದು ಕಾಫಿ ಕುಡಿದು, ನಾಲ್ಕು ಕೊಕ್ಕರೆ ಮಡಚಿಕೊಟ್ಟು ಹೋಗಿ.