ಸಸಿಯ ಜೊತೆ ಕನ್ನಡದಲ್ಲೊಂದು ಚೀಟಿಯೂ ಬರಲಿ

ಸಂಪಾದಕರೇ,

ಜೂನ್ 5ರ ಪರಿಸರ ದಿನ ಬಂತೆಂದರೆ ನಮ್ಮ ಕಡೆ ಸಸಿ ಹಂಚುವ ಗೌಜಿ. ಶಾಲೆಯಲ್ಲಿ ಕೊಡುತ್ತಾರೆ, ಕ್ಲಬ್ಬಿನವರು ಕೊಡುತ್ತಾರೆ, ವಾರ್ಡಿನಲ್ಲೂ ಕೊಡುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೋ, ಒಂದು ಸಸಿಗೆ ಎಂಟು ಜನರ ಕೈ. ತಮಾಷೆ ಮಾಡುತ್ತಿಲ್ಲ, ಒಮ್ಮೆ ಆ ಎಂಟು ಜನರಲ್ಲಿ ನಾನೂ ಇದ್ದೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಂಗಳದಲ್ಲಿ ಒಂದು ಗೇಣು ಮಣ್ಣು, ಅದರಡಿ ಬರೀ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ನಾಲ್ಕು ವರ್ಷದ ಹಿಂದೆ ಮಗಳು ಶಾಲೆಯಿಂದ ಒಂದು ಕಸಿ ಮಾವಿನ ಸಸಿ ತಂದಳು. ನಾನು ಪಿಕ್ಕಾಸು ಹಿಡಿದು ಅರ್ಧ ದಿನ ಕುಟ್ಟಿ ಒಂದೂವರೆ ಅಡಿ ಹೊಂಡ ಮಾಡಿದೆ, ಹಟ್ಟಿಗೊಬ್ಬರ ತುಂಬಿ ನೆಟ್ಟೆ. ಜುಲೈಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಎಲೆ ಹಳದಿಯಾಯಿತು. ಗೊಬ್ಬರ ಸಾಲಲಿಲ್ಲವೋ ಏನೋ ಅಂತ ಇನ್ನೊಂದು ಬುಟ್ಟಿ ಸುರಿದೆ! ಆಮೇಲೆ ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಆಚೆ ಮನೆಯ ಅಜ್ಜಿ ಬೇಲಿಯ ಹತ್ತಿರ ನಿಂತು ಹೇಳಿದರು, "ನೀನು ಸಸಿ ನೆಟ್ಟದ್ದಲ್ಲ ಮಾರಾಯ, ಬಾವಿಗೆ ಹಾಕಿದ್ದು."

ಅವರು ಹೇಳಿದ್ದು ಸರಿ. ಮುರಕಲ್ಲನ್ನು ಕಡಿಯುವಾಗ ಸ್ವಲ್ಪ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದರೆ ಗಟ್ಟಿ. ಅದಕ್ಕೇ ಅಲ್ವಾ ನಾವು ಅದರಲ್ಲಿ ಮನೆ ಕಟ್ಟುವುದು. ನನ್ನ ಹೊಂಡದ ಗೋಡೆಯೂ ಹಾಗೇ ಆಗಿತ್ತು, ತೂತಿಲ್ಲದ ಮಡಕೆಯ ಹಾಗೆ. ನಮ್ಮಲ್ಲಿ ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ, ಆ ನೀರು ಎಲ್ಲಿಗೆ ಹೋಗಬೇಕು?

ಮರುವರ್ಷ ಇನ್ನೊಂದು ಕಸಿ ಸಿಕ್ಕಿತು. ಈ ಸಲ ಅಜ್ಜಿ ಹೇಳಿದ ಹಾಗೆ ಆಟಿ (ಆಗಸ್ಟ್ ನಡುವಿಗೆ ಮುಗಿಯುವ ಜಡಿಮಳೆಯ ತಿಂಗಳು) ಕಳೆಯುವವರೆಗೆ ಚಾವಡಿಯ ಬದಿಯಲ್ಲೇ ಇಟ್ಟೆ. ಹೊಂಡವನ್ನು ಅಗಲ ಮಾಡಿದೆ, ತಗ್ಗಿನ ಬದಿಗೆ ಕಲ್ಲು ಕಡಿದು ನೀರು ಹೋಗಲು ಒಂದು ಕಣಿ ಬಿಟ್ಟೆ, ಮೇಲ್ಮಣ್ಣು ತುಂಬಿ ಅಂಗಳಕ್ಕಿಂತ ಅರ್ಧ ಅಡಿ ಎತ್ತರಕ್ಕೆ ದಿಣ್ಣೆ ಮಾಡಿ ನೆಟ್ಟೆ. ಪ್ಲಾಸ್ಟಿಕ್ ತೊಟ್ಟೆಯನ್ನು ಪೂರ್ತಿ ಹರಿದು ತೆಗೆದೆ, ಯಾಕೆಂದರೆ ಮೊದಲ ಸಸಿಗೆ ತಳ ಮಾತ್ರ ಕೊಯ್ದಿದ್ದೆ, ಅದರ ಬೇರು ಒಳಗೇ ಸುತ್ತಿಕೊಂಡಿತ್ತು. ಬೇಸಗೆಯಲ್ಲಿ ಬುಡಕ್ಕೆ ದಪ್ಪಕ್ಕೆ ತರಗೆಲೆ ಹಾಕಿದೆ, ಪಡುವಣ ಬಿಸಿಲಿಗೆ ಎರಡು ತೆಂಗಿನ ಮಡಲು ಅಡ್ಡ ಕಟ್ಟಿದೆ. ಬದುಕಿತು.

ಬದುಕಿತು ಅಂತ ಖುಷಿಪಟ್ಟೆ, ಅಲ್ಲೇ ಇನ್ನೊಂದು ಎಡವಟ್ಟು. ಬುಡದಿಂದ ಒಂದು ಚಿಗುರು ಜೋರಾಗಿ ಬಂತು. ಎಷ್ಟು ಚಂದ ಬರುತ್ತಿದೆ ಅಂತ ಮನೆಯವರಿಗೆಲ್ಲ ತೋರಿಸಿದೆ. ಅದು ಮೇಲೇರಿದ ಹಾಗೆ ಪಕ್ಕದ ಕಡ್ಡಿ ಸೊರಗಿ ಒಣಗಿಹೋಯಿತು. ಮೊನ್ನೆ ಕಸಿ ಕಟ್ಟುವವರೊಬ್ಬರು ನೋಡಿ ನಕ್ಕರು. ಒಣಗಿದ್ದೇ ಕಸಿ ಅಂತೆ. ನಾನು ನೀರು ಹೊಯ್ದು ಸಾಕಿದ್ದು ಕಸಿ ಕಟ್ಟಿದ ಗಂಟಿನ ಕೆಳಗಿನದ್ದು, ಗೊರಟಿನಿಂದ ಹುಟ್ಟಿದ ಬರೀ ಕಾಟು ಮಾವು.

ಈಗ ನಾನು ಈ ಪತ್ರ ಬರೆಯಲು ಕಾರಣ ಕೇಳಿ. ಆ ಎರಡನೇ ಸಸಿಯ ಜೊತೆ ಒಂದು ಚೀಟಿಯೂ ಕೊಟ್ಟಿದ್ದರು. ಮಲಯಾಳದಲ್ಲಿತ್ತು, ನನಗೆ ಓದಲು ಬರುವುದಿಲ್ಲ, ಕಪಾಟಿನ ಮೇಲೆ ಇಟ್ಟಿದ್ದೆ. ಮೊನ್ನೆ ಗೆಳೆಯನ ಕೈಯಲ್ಲಿ ಓದಿಸಿದರೆ ಮೂರನೇ ಸಾಲಿನಲ್ಲೇ ಇದೆ, ಗಂಟಿನ ಕೆಳಗೆ ಬರುವ ಚಿಗುರನ್ನು ಚಿವುಟಿ ತೆಗೆಯಿರಿ ಅಂತ! ಮಲಯಾಳ ಕಲಿಯದ್ದು ನನ್ನ ತಪ್ಪೇ ಇರಬಹುದು. ಆದರೆ ಕೇರಳದ 1969ರ ಭಾಷಾ ಕಾಯ್ದೆಯೇ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು ಅಂತ ಒಪ್ಪಿರುವಾಗ, ಮಂಜೇಶ್ವರ, ಕಾಸರಗೋಡು ಕಡೆಗೆ ಹೋಗುವ ಚೀಟಿಯ ಹಿಂಬದಿ ಯಾಕೆ ಖಾಲಿ ಇರಬೇಕು?

ಆ ಖಾಲಿ ಬದಿಯಲ್ಲಿ ನಮ್ಮ ಮುರಕಲ್ಲಿನ ಬಗ್ಗೆಯೂ ನಾಲ್ಕು ಸಾಲು ಬರಲಿ. ಗೊತ್ತಿರುವವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1916ರಲ್ಲಿ ಶುರುವಾದ ತೆಂಗಿನ ಸಂಶೋಧನಾ ಕೇಂದ್ರ, ಈಗಿನ ಸಿಪಿಸಿಆರ್‌ಐ, ಕಾಸರಗೋಡಿನಲ್ಲೇ ಇದೆ. ಮುರಕಲ್ಲಿನಲ್ಲಿ ತೆಂಗು ಇಡುವುದಾದರೆ ಹೊಂಡ ಉದ್ದ ಅಗಲ ಆಳ 1.2 ಮೀಟರ್ ಬೇಕು, ಕಲ್ಲು ಮೆತ್ತಗಾಗಲು ಮೊದಲೇ 2 ಕಿಲೋ ಉಪ್ಪು ಹಾಕಿಡಬೇಕು ಅನ್ನುತ್ತಾರೆ. (ಉಪ್ಪು ತೆಂಗಿಗೆ ಮಾತ್ರ, ಮಾವಿಗೆ ಹಾಕಿ ನನ್ನನ್ನು ಬೈಯಬೇಡಿ.)

ಹಂಚುವವರಿಗೆ ಇನ್ನೊಂದು ಮಾತು. ನೀರು ನಿಲ್ಲುವ ಜಾಗದವರಿಗೆ ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಕೊಡಿ, ಫೋಟೋವನ್ನು ಆಗಲೇ ತೆಗೆಯಬಹುದು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದ ಮನೆಯವರು ಸಸಿಗೆ ಕೈ ಒಡ್ಡಿದರೆ ಎಲ್ಲಿ ನೆಡುತ್ತೀರಿ ಅಂತ ಒಮ್ಮೆ ಕೇಳಿ.

ನಮ್ಮ ಮರ ಈಗ ನನ್ನ ಎದೆಯೆತ್ತರಕ್ಕಿದೆ. ಕಡಿದು ಬೇರೆ ಕಸಿ ಇಡೋಣ ಅಂದೆ, ಅಮ್ಮ ಬಿಡಲಿಲ್ಲ. ಅವರಿಗೆ ಕಾಟು ಮಾವಿನ ಗೊಜ್ಜು ಬೇಕಂತೆ.

ಇತಿ,
ಓದುಗ, ಬದಿಯಡ್ಕ